ಸಡಿಲ ಮರದ ಸದ್ದು

ನನ್ನ ಬೈಗುಳ ನನಗಿಂತ ಒಂದು ದಿನ ಮುಂಚೆ ನಮ್ಮೂರಿಗೆ ಗೊತ್ತಾಗುತ್ತದೆ. ಸೋಮವಾರ ಬೆಳಗ್ಗೆ ಗುಡ್ಡದ ಕಡೆಯಿಂದ ನನ್ನ ದನಿಯಲ್ಲಿ "ಮುಚ್ಚೋ ಬಾಯಿ" ಎಂದು ಕೇಳಿಸಿತೆಂದರೆ, ಮಂಗಳವಾರ ಬೆಳಗ್ಗೆ ಅದೇ ಹೊತ್ತಿಗೆ ನನ್ನ ಕುಲುಮೆಯ ಕಡೆ ಒಂದು ನಾಯಿಯೂ ತಲೆ ಹಾಕುವುದಿಲ್ಲ. ಕೋವಿ ರಿಪೇರಿಗೆ ಕೊಟ್ಟವರು ಆಮೇಲೆ ಮೆಲ್ಲಗೆ ಬಂದು, "ಆಯ್ತಾ ಆಚಾರ್ರೇ, ಇವತ್ತಿಂದು ಮುಗೀತಾ?" ಎಂದು ಹಲ್ಲು ಕಿರಿಯುತ್ತಾರೆ. ಬೈಸಿಕೊಳ್ಳಲು ಯಾರೂ ಸಿಗಲಿಲ್ಲ ಎಂದರೂ ಗುಡ್ಡ ಹೇಳಿದ್ದು ತಪ್ಪುವುದಿಲ್ಲ. ಸರಿಯಾಗಿ ಆ ಹೊತ್ತಿಗೆ ಸುತ್ತಿಗೆ ಜಾರಿ ನನ್ನ ಹೆಬ್ಬೆರಳ ಮೇಲೆ ಬೀಳುತ್ತದೆ, ನಾನು ಸುತ್ತಿಗೆಗೇ "ಮುಚ್ಚೋ ಬಾಯಿ" ಎಂದು ಅರಚುತ್ತೇನೆ.

ಗುಡ್ಡ ಹೇಳುವುದು ಮೂರೇ: ಕೋವಿಯ ಈಡು, ಕೂಗು, ತಮಟೆ. ಪಾತ್ರೆ ಬಿದ್ದದ್ದು, ಬಾಗಿಲು ಕಿರುಗುಟ್ಟಿದ್ದು, ಗಂಡಹೆಂಡಿರ ಗುಸುಗುಸು ಅದಕ್ಕೆ ಲೆಕ್ಕಕ್ಕಿಲ್ಲ. ಈಡಿನ ಜೊತೆಗೇ ಕೋವಿ ಮಾಡುವ ಸದ್ದು ಮಾತ್ರ ಈಡಿನ ಲೆಕ್ಕಕ್ಕೇ ಸೇರುತ್ತದೆ. ಗುಡ್ಡದಲ್ಲಿ ತಮಟೆ ಕೇಳಿಸಿದರೆ ತಮಟೆಯವರು ಚರ್ಮ ಕಾಯಿಸಿ, ಮಡಿ ಪಂಚೆ ಹುಡುಕಿ ಕೂರುತ್ತಾರೆ. ಹಸುಗೂಸಿನ ಮೊದಲ ಕೂಗು ಕೇಳಿಸಿದರೆ ದಿನ ತುಂಬಿದ ಬಸುರಿಯ ಮನೆಯವರು ಸೂಲಗಿತ್ತಿಗೆ ಹೇಳಿ ಕಳಿಸುತ್ತಾರೆ. ಈಡು ಕೇಳಿಸಿದರೆ ನನಗೆ ಹಬ್ಬ. ರಿಪೇರಿ ಮಾಡಿಟ್ಟ ಕೋವಿಯನ್ನು ಮರುದಿನ ಅದೇ ಹೊತ್ತಿಗೆ ಹಿತ್ತಿಲ ಮರಳಿನ ಗುಡ್ಡೆಗೆ ಹೊಡೆದು ಪರೀಕ್ಷೆ ಮಾಡಿ ಮುಗಿಸುತ್ತೇನೆ. ಗುಡ್ಡ ಹೇಳದ ದಿನ ಊರ ಎಲ್ಲೆಯೊಳಗೆ ಯಾರೂ ಕೋವಿಯ ಕುದುರೆ ಎಳೆಯುವುದಿಲ್ಲ. ಎಳೆದರೂ ಮದ್ದು ಹತ್ತುವುದಿಲ್ಲ ಎಂದು ನಮ್ಮಪ್ಪ ಹೇಳುತ್ತಿದ್ದ, ಅವರಪ್ಪನೂ ಹೇಳುತ್ತಿದ್ದನಂತೆ. ಹತ್ತುತ್ತದೋ ಇಲ್ಲವೋ ಎಂದು ಎಳೆದು ನೋಡಿದವರು ಯಾರೂ ಇಲ್ಲ. ಕಾದ ಎಣ್ಣೆಗೆ ಕೈ ಅದ್ದಿ ನೋಡುವವರುಂಟೆ?

ಕೆಟ್ಟ ಸದ್ದು ಕೇಳಿಸಿದರೆ ಅದನ್ನು ತೀರಿಸಬೇಕು. ಅದು ಸದ್ದಿನ ಮನೆಯ ಪುಟ್ಟೀರಮ್ಮನ ಕೆಲಸ. ಗುಡ್ಡದಲ್ಲಿ ಹೆಂಗಸಿನ ರೋದನ ಕೇಳಿಸಿತು ಎನ್ನಿ. ಆ ದನಿ ಯಾರದೆಂದು ಪುಟ್ಟೀರಮ್ಮ ಗುರುತು ಹಿಡಿದು, ಮರುದಿನ ಅದೇ ಹೊತ್ತಿಗೆ ಅವಳನ್ನು ಕೂರಿಸಿ, ಈರುಳ್ಳಿ ಹಿಂಡಿಯೋ ತೊಡೆ ಚಿವುಟಿಯೋ ಹಾಗೇ ಅಳಿಸುತ್ತಾಳೆ. ಸದ್ದು ಸದ್ದಿಗೆ ಸರಿಹೋದರೆ, ಸಾವಿಲ್ಲದೆ ಅಳು ಮುಗಿದಂತೆ. ಹಾಗೆ ಉಳಿದುಕೊಂಡವರು ಇದ್ದಾರೆ. ತೀರಿಸಿದ ಮೇಲೂ ಹೋದವರಿದ್ದಾರೆ. ಪುಟ್ಟೀರಮ್ಮ ಉಳಿದವರ ಕತೆ ಮಾತ್ರ ಹೇಳುತ್ತಾಳೆ.

ಆ ಮಂಗಳವಾರ ಬೆಳಗ್ಗೆ ಬಂದವನು ನನ್ನ ಹೆಂಡತಿಯ ತಮ್ಮ ಈರಣ್ಣ. ಊರ ಎಲ್ಲೆಯಾಚೆ ಅವನಿಗೆ ಕಡಲೆಕಾಯಿ ಹೊಲವಿದೆ, ಹಂದಿಗಳ ಕಾಟ. ಹೆಗಲಲ್ಲಿ ಗೋಣಿತಾಟು ಸುತ್ತಿದ ಉದ್ದನೆ ವಸ್ತು, ಕೈಯಲ್ಲಿ ಬೆಲ್ಲದಚ್ಚು.

"ಬೆಲ್ಲ ಯಾಕೋ?" ಎಂದೆ.

"ನೆನ್ನೆ ಗುಡ್ಡದಲ್ಲಿ ನಿಮ್ಮ ದನಿ ಕೇಳಿಸ್ತಲ್ಲ ಬಾವ. ಬೈಸ್ಕೊಳ್ಳೋನು ನಾನೇ ಇರಬೇಕು ಅಂತ ಅಕ್ಕಂಗೆ ಬೆಲ್ಲ ತಂದೆ. ಬೈದು ಮುಗಿಸಿ, ಆಮೇಲೆ ಪಾನಕ ಕುಡಿಯೋಣ."

ಗೋಣಿತಾಟು ಬಿಚ್ಚಿದ. ಸೆಮಿ ಆಟೊಮ್ಯಾಟಿಕ್ ರೈಫಲ್ಲು. ನಮ್ಮೂರಿನಲ್ಲಿ ಇರುವುದೆಲ್ಲ ಒಂದೇ ಈಡಿನ ಕೋವಿಗಳು. ಒಂದು ಹೊಡೆದರೆ ಮುಗಿಯಿತು, ಮತ್ತೆ ತುಂಬುವವರೆಗೆ ಅದು ಬರೀ ಕೋಲು. ಇದು ಹಾಗಲ್ಲ. ಒಂದು ಹೊಡೆದ ರಭಸದಲ್ಲೇ ಖಾಲಿ ತೋಟಾ ಆಚೆ ಹಾರಿ, ಕೆಳಗಿನ ಪೆಟ್ಟಿಗೆಯಿಂದ ಮುಂದಿನದು ತಾನೇ ಮೇಲೆದ್ದು ಕೂರುತ್ತದೆ. ಕುದುರೆ ಎಳೆದಷ್ಟು ಸಲ ಹೊಡೆಯುತ್ತಲೇ ಇರುತ್ತದೆ. ಪೇಟೆಯ ಯಾವನೋ ರಿಟೈರಾದ ಸಾಹೇಬ ಬಳಸಿ ಬಿಟ್ಟದ್ದನ್ನು ಇವನು ಲೈಸೆನ್ಸು ಮಾಡಿಸಿಕೊಂಡು ಕೊಂಡಿದ್ದ. ಕೈಗೆತ್ತಿಕೊಂಡು ಅಲುಗಿಸಿದೆ. ನಳಿಗೆಯ ಕೆಳಗೆ ಎಡಗೈ ಹಿಡಿಯುವ ಮರ ಕಟಕಟಕಟ ಎಂದಿತು. ಮುದುಕನ ಬಾಯಲ್ಲಿ ಕಟ್ಟಿಸಿದ ಹಲ್ಲು ಅಲುಗಿದ ಹಾಗೆ.

"ಎಲ್ಲೆಯಾಚೆ ಎರಡು ಈಡು ಹೊಡೆದೆ ಬಾವ. ಹೊಡೆದಾಗಲೆಲ್ಲ ಹಿಂಗೇ ಬಡ್ಕೊಳ್ಳುತ್ತೆ."

"ಕೊಳ್ಳೋಕೆ ಮುಂಚೆ ನನಗೊಂದು ಮಾತು ಕೇಳೋಕೆ ಏನಾಗಿತ್ತೋ ನಿಂಗೆ ರೋಗ? ಕೋವಿ ಕೊಳ್ಳೋನು ನೀನು, ಕೋವಿ ಬಲ್ಲೋನು ನಿನ್ನ ಬಾವ, ನಡುವೆ ಆ ಸಾಹೇಬ ಯಾವನೋ?"

"ಕೇಳಿದ್ರೆ ಬೇಡ ಅಂತಿದ್ರಿ."

"ಮುಚ್ಚೋ ಬಾಯಿ!" ಎಂದು ಅರಚಿದೆ. ಈರಣ್ಣ ಸೂರ್ಯನ ಕಡೆ ನೋಡಿ, "ಸರಿಯಾಗಿ ಅದೇ ಹೊತ್ತು" ಎಂದು ನಕ್ಕ. ನನಗೂ ನಗು ಬಂತು, ತೋರಿಸಿಕೊಳ್ಳಲಿಲ್ಲ.

ಕೆಲಸವೇನೂ ದೊಡ್ಡದಲ್ಲ. ಮರ ಒಣಗಿ ಒಳಸರಿದಿತ್ತು, ಹಿಡಿದಿದ್ದ ತಿರುಪಿನ ತೂತು ಸವೆದು ಅಗಲವಾಗಿತ್ತು. ಹಳೆಯ ಸಾಹೇಬ ಅದರೊಳಗೆ ಬೆಂಕಿಪೊಟ್ಟಣದ ರಟ್ಟು ತುರುಕಿದ್ದ. ಓದಿದವರ ರಿಪೇರಿ ಎಂದು ಉಗಿದು, ರಟ್ಟು ಕಿತ್ತೆಸೆದೆ. ತೂತಿಗೆ ಬೀಟೆಮರದ ಬೆಣೆ ಹೊಡೆದು ಹೊಸದಾಗಿ ತಿರುಪು ಕೂರಿಸಿದೆ. ಮರ ಮತ್ತು ನಳಿಗೆಯ ನಡುವೆ ಹಿತ್ತಾಳೆ ತಗಡನ್ನು ಕಾಗದದಷ್ಟು ತೆಳ್ಳಗೆ ಬಡಿದು ಸೇರಿಸಿದೆ. ಆಮೇಲೆ ಅಲುಗಿಸಿದರೆ ಸದ್ದೇ ಇಲ್ಲ. ಕೋವಿ ಒಂದೇ ಕಲ್ಲಿನಲ್ಲಿ ಕಡೆದ ಹಾಗಿತ್ತು. "ನನ್ನ ಮೊಮ್ಮಗನ ಕಾಲಕ್ಕೂ ಇದು ಅಲುಗಲ್ಲ ಕಣೋ" ಎಂದೆ. "ಮಗನೇ ಇಲ್ವಲ್ಲ ಬಾವ, ಮೊಮ್ಮಗ ಎಲ್ಲಿಂದ ಬರ್ತಾನೆ?" ಎಂದ ನನ್ನ ಭಾವಮೈದ. ಇಂಥ ಮಾತು ಬೇರೆ ಯಾರಾದರೂ ಆಡಿದ್ದರೆ ಹಲ್ಲು ಉದುರಿಸುತ್ತಿದ್ದೆ.

ಒಳಗಿನಿಂದ ಭದ್ರಮ್ಮ ಕರೆದಳು. "ಇವ್ರೇ..." ಎಂದು. ನನ್ನ ಹೆಂಡತಿ ನನ್ನನ್ನು ಕರೆಯುವುದು ಹಾಗೆ, ಕೊನೆಯಲ್ಲಿ ಸಣ್ಣಗೆ ಎಳೆದು. ಅವಳ ದನಿ ಅಂಗಳ ದಾಟಿ ಹೋದದ್ದಿಲ್ಲ. ಮದುವೆಯಾಗಿ ಬಂದ ಲಾಗಾಯ್ತು ಗುಡ್ಡ ಅವಳ ದನಿಯನ್ನು ಒಂದು ಸಲವೂ ಹೇಳಿರಲಿಲ್ಲ, ಏಕೆಂದರೆ ಅವಳು ಕೂಗಿದ್ದೇ ಇಲ್ಲ. ಮನೆಗೆ ಬೇಕಾದ ಕೂಗನ್ನೆಲ್ಲ ನಾನೊಬ್ಬನೇ ಕೂಗುತ್ತಿದ್ದೆ. ಆದರೆ ಆ ಸಣ್ಣ ದನಿಯಲ್ಲಿ ಅವಳು ಕರೆದರೆ, ಕೆಂಪಗೆ ಕಾದ ಕಬ್ಬಿಣ ಇಕ್ಕಳದಲ್ಲಿದ್ದರೂ ನಾನು ತಿರುಗುತ್ತೇನೆ. "ಆಂ, ಬಂದೆ" ಎನ್ನುತ್ತೇನೆ. ಇದು ನನ್ನ ಒಳ್ಳೆಯತನ ಅಲ್ಲ, ಅಭ್ಯಾಸ. ನೊಗ ಕಂಡರೆ ಎತ್ತು ಕತ್ತು ಚಾಚುವುದಿಲ್ಲವೇ, ಹಾಗೆ.

ಮುದ್ದೆ ಮುರಿಯುತ್ತಿದ್ದೆವು. ಹೊರಗೆ ಬಿಸಿಲು ನೆತ್ತಿಯಿಂದ ಸ್ವಲ್ಪ ವಾಲಿತ್ತು. ಆಗ ಗುಡ್ಡ ಈಡು ಹೊಡೆಯಿತು.

ಒಂದು ಈಡು. ಅದರ ಬೆನ್ನಿಗೇ ಕಟಕಟಕಟ ಎಂದು ಮರ ಬಡಿದುಕೊಂಡ ಸದ್ದು. ಸ್ವಲ್ಪ ತಡೆದು, ಬಂಡೆಗಳೆಲ್ಲ ಬಾಯಿಬಿಟ್ಟ ಹಾಗೆ ದೊಡ್ಡದಾಗಿ, "ಇವ್ರೇ...!"

ಆಮೇಲೆ ಏನೂ ಇಲ್ಲ.

ಭದ್ರಮ್ಮನ ಕೈಯಲ್ಲಿದ್ದ ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಈರಣ್ಣ ತನ್ನ ಅಕ್ಕನ ಮುಖ ನೋಡಿದ, ಆಮೇಲೆ ನನ್ನ ಮುಖ ನೋಡಿದ, ಕಡೆಗೆ ಮೂಲೆಯಲ್ಲಿ ಒರಗಿಸಿದ್ದ ಕೋವಿಯನ್ನು ನೋಡಿದ. ಅದು ಸುಮ್ಮನೆ ಒರಗಿತ್ತು.

"ನಾನಾ ಅದು?" ಎಂದಳು ಭದ್ರಮ್ಮ. "ಅಷ್ಟು ಜೋರಾಗಿ ನಾನು ಕೂಗ್ತೀನಾ?"

ಕೈ ತೊಳೆಯುವಷ್ಟರಲ್ಲಿ ಪುಟ್ಟೀರಮ್ಮ ಬಾಗಿಲಲ್ಲಿದ್ದಳು. ಬಾಯಿ ತುಂಬ ಎಲೆಅಡಿಕೆ, ಸೊಂಟದ ಮೇಲೆ ಕೈ. ಅವಳ ಬೆನ್ನಿಗೆ ಅರ್ಧ ಬೀದಿ. "ಆಚಾರಿ, ಕಟಕಟ ಅಂದದ್ದು ಯಾವುದೋ? ತಗಂಬಾ" ಎಂದಳು.

"ಆ ಸದ್ದು ಈ ಕೋವೀದಲ್ಲ" ಎಂದೆ. "ಬೆಳಗ್ಗೆ ಆಗಿದ್ರೆ ಹೌದು. ಈಗ ನಾನು ಬಿಗಿ ಮಾಡಿದೀನಿ. ನನ್ನ ಕೈ ಬಿದ್ದ ಮೇಲೆ ಅಲುಗೋ ವಸ್ತು ಈ ಊರಲ್ಲಿಲ್ಲ."

"ಅಲುಗುತ್ತೆ ಅಂತ ಗುಡ್ಡ ಹೇಳ್ತಲ್ಲ."

"ಗುಡ್ಡಕ್ಕೇನು ಗೊತ್ತು ತಿರುಪು ಕೆಲಸ? ಗುಡ್ಡ ಆಚಾರಿಕೆ ಕಲ್ತಿದೆಯಾ?"

ಬೀದಿಯವರು ಕಿಸಕ್ಕೆಂದರು. ಪುಟ್ಟೀರಮ್ಮ ಎಲೆಅಡಿಕೆಯ ರಸವನ್ನು ನನ್ನ ಕುಲುಮೆಯ ಬೂದಿಗೆ ಉಗಿದಳು. "ನಿನ್ನ ಜಂಬ ನಿನ್ನ ಹೆಂಡ್ತಿಗಿಂತ ದೊಡ್ಡದಾ ಕಣೋ, ಮೂದೇವಿ? ಕೇಳು. ಈಡು ಆಯ್ತು, ಮರ ಬಡೀತು, ಇವಳು ನಿನ್ನ ಕೂಗಿದ್ಲು. ಗುಂಡು ನಿನಗೆ ಬಿದ್ದು ಇವಳು ಕೂಗಿದ್ಲೋ, ಇವಳಿಗೇ ಬಿದ್ದು ಕೂಗಿದ್ಲೋ, ಅದು ಗುಡ್ಡಕ್ಕೆ ಬಿಟ್ಟದ್ದು. ನಾಳೆ ಇದೇ ಹೊತ್ತಿಗೆ ನಾವು ತೀರಿಸಬೇಕು. ಇದೇ ಕೋವಿ, ಇದೇ ಸದ್ದು, ಇದೇ ಕೂಗು. ಬಿಗಿ ಮಾಡಿದ್ದನ್ನ ಸಡಿಲ ಮಾಡು."

ಕೋವಿಯನ್ನು ಎಲ್ಲೆಯಾಚೆ ಒಯ್ದು ಬಾವಿಗೆ ಹಾಕಿಬರುತ್ತೇನೆ ಎಂದ ಈರಣ್ಣ. ಅಕ್ಕನನ್ನು ಎರಡು ದಿನ ಬೇರೆ ಊರಿಗೆ ಕರೆದುಕೊಂಡು ಹೋಗುತ್ತೇನೆ ಎಂದೂ ಅಂದ. ಅದಕ್ಕೆ ಉತ್ತರ ನಮಗೆಲ್ಲ ಗೊತ್ತಿತ್ತು. ಗಾಣದ ಚನ್ನಪ್ಪನ ಕೂಗನ್ನು ಗುಡ್ಡ ಹೇಳಿದಾಗ ಅವನು ಬೆಳಕು ಹರಿಯುವ ಮುಂಚೆಯೇ ಎಲ್ಲೆ ದಾಟಿ ಹೋಗಿದ್ದ. ಎತ್ತಿಗೆ ಹುಲ್ಲು ಹಾಕಿಲ್ಲ ಎಂದು ನೆನಪಾಗಿ ಅರ್ಧ ಗಳಿಗೆಯ ಮಟ್ಟಿಗೆ ಹಿಂದಿರುಗಿದ. ಆ ಅರ್ಧ ಗಳಿಗೆಯಲ್ಲೇ ಎತ್ತು ಹಾಯ್ದು ಅವನು ಕೂಗಿದ. ಓಡಿಹೋದವರ ಸದ್ದನ್ನು ತೀರಿಸಲು ಪುಟ್ಟೀರಮ್ಮನಿಂದಲೂ ಆಗುವುದಿಲ್ಲ. ಇದ್ದವರದ್ದಾದರೆ ಒಂದು ದಾರಿ ಉಂಟು.

ತಿರುಪುಳಿ ತೆಗೆದುಕೊಂಡು ಕೂತೆ. ಮಾಡಿದ ಕೆಲಸ ಬಿಚ್ಚುವುದು ಎಂದರೆ ಏನೆಂದು ಕೆಲಸ ಮಾಡುವವನಿಗೆ ಮಾತ್ರ ಗೊತ್ತು. ಕೂಸಿಗೆ ಹಾಕಿದ ಅಂಗಿಯನ್ನು ಚಳಿಯಲ್ಲಿ ಬಿಚ್ಚಿದ ಹಾಗೆ. ಬೀಟೆ ಬೆಣೆ ಕಿತ್ತೆ, ಹಿತ್ತಾಳೆ ತಗಡು ಎಳೆದೆ, ತಿರುಪನ್ನು ಅರ್ಧಕ್ಕೆ ನಿಲ್ಲಿಸಿದೆ. ಅಲುಗಿಸಿದೆ. ಕಟ್ ಕಟ್ ಎಂದಿತು.

"ಅಲ್ಲ" ಎಂದಳು ಪುಟ್ಟೀರಮ್ಮ ಕಣ್ಣು ಮುಚ್ಚಿಕೊಂಡು.

ಇನ್ನಷ್ಟು ಸಡಿಲಿಸಿದೆ. "ಅಲ್ಲ." ಮರದ ಒಳಮೈಯನ್ನು ಅರದಿಂದ ತಿಕ್ಕಿದೆ. "ಅಲ್ಲ." ಹೊತ್ತು ಇಳಿಯುತ್ತಿತ್ತು. ಬೀದಿಯವರು ಗೋಡೆಯ ಮೇಲೆ ಕೂತು ತಲೆಗೊಂದು ಸಲಹೆ ಕೊಡುತ್ತಿದ್ದರು. "ಆ ರಟ್ಟನ್ನೇ ಮತ್ತೆ ತುರುಕಿ ಆಚಾರ್ರೇ" ಎಂದ ಒಬ್ಬ. ನನಗೆ ಮೈಯೆಲ್ಲ ಉರಿಯಿತು, ಆದರೆ ಅರಚಲಿಲ್ಲ, ಅರಚುವ ಹಾಗಿರಲಿಲ್ಲ. ಆ ಸಂಜೆಯ ಬಗ್ಗೆ ಗುಡ್ಡ ಏನೂ ಹೇಳಿರಲಿಲ್ಲ. ಇಂಥ ಹೊತ್ತಿನಲ್ಲಿ ಅರಚಬೇಕು ಎಂದರೂ ನಮ್ಮ ಗಂಟಲು ಒಪ್ಪುವುದಿಲ್ಲ.

ಕಡೆಗೆ ಪುಟ್ಟೀರಮ್ಮನೇ ಎದ್ದು ಬಂದು ಕೋವಿಯನ್ನು ಕೈಯಲ್ಲಿ ತೂಗಿದಳು. "ಖಾಲಿ ಐತೇನೋ ಇದು?"

"ಮತ್ತೆ? ತುಂಬಿಟ್ಕೊಂಡು ರಿಪೇರಿ ಮಾಡ್ತಾರಾ?"

"ತುಂಬಿದ ಕೊಡದ ಸದ್ದೇ ಬೇರೆ, ಖಾಲಿ ಕೊಡದ ಸದ್ದೇ ಬೇರೆ. ಗುಡ್ಡದಲ್ಲಿ ಕೇಳ್ಸಿದ್ದು ತುಂಬಿದ್ದು. ತುಂಬು."

ಈರಣ್ಣ ತೋಟಾ ತಂದ. ಕುದುರೆಗೆ ಕೈ ತಾಕದಂತೆ ಪೆಟ್ಟಿಗೆ ತುಂಬಿಸಿ ಕೆಳಗಿನಿಂದ ಸೇರಿಸಿ, ಮರವನ್ನು ಅಲುಗಿಸಿದೆ. ಕಟಕಟಕಟ. ಮಧ್ಯಾಹ್ನ ಕೇಳಿದ್ದು ಅದೇ. ಅದೇ ದನಿ, ಅದೇ ಅವಸರ. ಗೋಡೆಯ ಮೇಲಿದ್ದವರೆಲ್ಲ ಒಂದೇ ಸಲ ಉಸಿರು ಬಿಟ್ಟರು. "ಹಂಗೇ ಇರ್ಲಿ, ಯಾರೂ ಮುಟ್ಟಬೇಡಿ" ಎಂದು ಪುಟ್ಟೀರಮ್ಮ ಸೆರಗು ಕೊಡವಿ ಹೊರಟಳು. ಹೋಗುವಾಗ ಭದ್ರಮ್ಮನ ಗಲ್ಲ ಹಿಡಿದು, "ನಾಳೆ ಹೆದರಬ್ಯಾಡ ಮಗಾ. ನೀನು ಬಾಯಿ ತೆಗಿ ಸಾಕು, ದನಿ ತಾನೇ ಬರುತ್ತೆ" ಎಂದಳು.

ದೀಪ ಹಚ್ಚಿದ ಮೇಲೆ ಭದ್ರಮ್ಮ ಪಾನಕ ಮಾಡಿ ತಂದಳು. ತಮ್ಮ ತಂದ ಬೆಲ್ಲ. ನಾನು ಕುಡಿಯಲಿಲ್ಲ.

"ನಾಳೆ ಕೋವಿ ನೀವು ಹಿಡೀಬ್ಯಾಡಿ. ಈರಣ್ಣ ಹೊಡೀಲಿ" ಎಂದಳು.

"ಅವನ ಕೈಗೆ ಕೊಟ್ರೆ ಗುಂಡು ಎಲ್ಲಿಗೆ ಹೋಗುತ್ತೋ. ಮೂರು ಮಾರು ದೂರದ ಹಂದೀನ ಬಿಟ್ಟು ಪಕ್ಕದ ಹೊಲದ ಬೆದರುಗೊಂಬೆಗೆ ಹೊಡೆದೋನು ಅವನು."

"ನಿಮಗೆ ಬೀಳುತ್ತೇನೋ ಅಂತ ನನಗೆ ಭಯ."

"ನನಗಲ್ಲ, ನಿನಗೆ ಬೀಳುತ್ತೆ ಅಂತ ನನಗೆ. ಅದಕ್ಕೇ ನಾನೇ ಹಿಡೀತೀನಿ. ನನ್ನ ಕೈಯಲ್ಲಿದ್ರೆ ಅದು ಮರಳು ಗುಡ್ಡೆ ಬಿಟ್ಟು ಬೇರೆ ಕಡೆ ನೋಡಲ್ಲ. ನೀನು ನನ್ನ ಬೆನ್ನ ಹಿಂದೆ ನಿಂತಿರು. ಕೋವಿಯ ಬಾಯಿಗೆ ಎದುರಾಗಬ್ಯಾಡ, ಅಷ್ಟೇ."

ಅವಳು ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ನಕ್ಕಳು. "ಅಲ್ಲಾ, ಆ ಕೂಗು ಕೇಳಿದ್ರಾ? ನಂದೇ ದನಿ ಅಂತ ನಾನೇ ನಂಬಲಿಲ್ಲ. ಊರಿಗೆಲ್ಲ ಕೇಳೋ ಹಂಗೆ ನಿಮ್ಮನ್ನ ಕರೆದೆ ನೋಡಿ. ನಾಚಿಕೆ ಆಯ್ತು."

"ನಾಚಿಕೆ ಯಾತಕ್ಕೆ?"

"ಎಲ್ಲರಿಗೂ ಗೊತ್ತಾಗಿಹೋಯ್ತಲ್ಲ."

ಪಾನಕದ ಲೋಟ ಎತ್ತಿ ಗಟಗಟ ಕುಡಿದುಬಿಟ್ಟೆ.

ಮರುದಿನ ಹಿತ್ತಿಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಪುಟ್ಟೀರಮ್ಮ ಎಲ್ಲರನ್ನೂ ಬೈದು ಗೋಡೆಯಾಚೆ ಅಟ್ಟಿದಳು. ಒಳಗೆ ಉಳಿದದ್ದು ನಾವು ನಾಲ್ಕೇ ಜನ. ಎದುರಿಗೆ ಮರಳಿನ ಗುಡ್ಡೆ. ಬಲಗಡೆ ಒರಳುಕಲ್ಲಿನ ಮೇಲೆ ಪುಟ್ಟೀರಮ್ಮ. ಎಡಗಡೆ ಈರಣ್ಣ. ನನ್ನ ಬೆನ್ನ ಹಿಂದೆ, ಹಿತ್ತಿಲ ಬಾಗಿಲ ಚೌಕಟ್ಟಿಗೆ ಒರಗಿ ಭದ್ರಮ್ಮ. ಅವಳು ನಿಲ್ಲುವ ಜಾಗವನ್ನೂ ಪುಟ್ಟೀರಮ್ಮನೇ ಗೊತ್ತುಮಾಡಿದ್ದಳು. ಗುಡ್ಡದಲ್ಲಿ ಆ ಕೂಗು ಬಾಗಿಲೊಳಗಿನಿಂದ ಬಂದ ಹಾಗೆ ಸ್ವಲ್ಪ ಗುಂಯ್ ಎಂದಿತ್ತಂತೆ.

ಈರಣ್ಣ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ. "ಬಾವ, ಇದು ನಮ್ಮ ಕೋವಿಗಳಂಗಲ್ಲ. ಒಂದು ಹೊಡೆದ ಮೇಲೂ ಒಳಗೆ ಇನ್ನೊಂದು ಕೂತಿರುತ್ತೆ. ಹೊಡೆದ ಕೂಡ್ಲೆ ಬೆರಳು ಆಚೆ ತೆಗೀರಿ."

"ನನಗೆ ಕೋವಿ ಪಾಠ ಹೇಳ್ತೀಯೇನೋ? ಗುಡ್ಡ ಎಷ್ಟು ಈಡು ಹೇಳ್ತು?"

"ಒಂದು."

"ಒಂದು ಹೇಳಿದ್ರೆ ಒಂದೇ. ಒಳಗೆ ಹತ್ತು ಕೂತಿದ್ರೂ ಎರಡನೇದು ಹತ್ತಲ್ಲ. ಹೋಗಿ ನಿಂತ್ಕೋ."

ಅವನಿಗೂ ಅದು ಸರಿ ಎನಿಸಿರಬೇಕು. ತಲೆಯಾಡಿಸಿ ಹೋಗಿ ನಿಂತ. ಗೋಡೆಯಾಚೆಯಿಂದ ಯಾರೋ "ಹೂಂ, ಅದೂ ನಿಜವೇ" ಎಂದರು. ಹುಟ್ಟಿದಂದಿನಿಂದ ನಾವೆಲ್ಲ ಕೇಳಿಕೊಂಡು ಬಂದ ಮಾತು ಅದು. ಅನುಮಾನ ಪಡುವುದಕ್ಕೆ ಅಲ್ಲಿ ಯಾರಿಗೂ ಏನೂ ಇರಲಿಲ್ಲ.

ಬಿಸಿಲು ನೆತ್ತಿಯಿಂದ ವಾಲಿತು. ಪುಟ್ಟೀರಮ್ಮ ಕಣ್ಣು ಮುಚ್ಚಿ ಕೈ ಎತ್ತಿದಳು. ಕೈ ಇಳಿಸಿದಳು. ನಾನು ಕುದುರೆ ಎಳೆದೆ.

ಈಡು ಹೋಯಿತು. ಮರಳು ಎದ್ದು ಬಿತ್ತು. ನಳಿಗೆಯ ಕೆಳಗೆ ಮರ ಕಟಕಟಕಟ ಎಂದಿತು. ಪುಟ್ಟೀರಮ್ಮ ಕಣ್ಣು ಮುಚ್ಚಿಕೊಂಡೇ ತಲೆದೂಗಿದಳು. ಆಮೇಲೆ ಆ ಕೂಗು ಬಂತು. "ಇವ್ರೇ...!"

ಗುಡ್ಡದಲ್ಲಿ ಕೇಳಿದ್ದು ಅದರ ನೆರಳಷ್ಟೇ. ಅವಳ ಎದೆಯಲ್ಲಿ ಅಷ್ಟು ದೊಡ್ಡ ದನಿ ಎಲ್ಲಿತ್ತೋ ನಾನರಿಯೆ. ಅದರಲ್ಲಿ ಹೆದರಿಕೆ ಇರಲಿಲ್ಲ, ನೋವೂ ಇರಲಿಲ್ಲ. ಬಹಳ ದಿನ ಕಾದಿದ್ದವಳು ದೂರದಲ್ಲಿ ಬರುವವನನ್ನು ಕಂಡು ಕರೆದ ಹಾಗಿತ್ತು. ಗೋಡೆಯಾಚೆ ಅಷ್ಟು ಜನ ಇದ್ದಾರೆ, ಇದೆಲ್ಲ ತೀರಿಸುವ ಆಟ, ಒಂದೂ ನನಗೆ ನೆನಪಿರಲಿಲ್ಲ. "ಆಂ, ಬಂದೆ" ಎಂದು ತಿರುಗಿದೆ.

ಕೈಯಲ್ಲಿ ಕೋವಿ ಇತ್ತು. ನಮ್ಮ ಕೈಗಳಿಗೆ ಹೊಡೆದ ಕೋವಿ ಎಂದರೆ ಕೋಲು. ಕೋಲು ಹಿಡಿದವನು ತಿರುಗುವ ಹಾಗೆ ತಿರುಗಿದೆ. ತಿರುಗುವಾಗ ಆ ಸಡಿಲ ಮರ ಎಡಗೈಯೊಳಗೆ ಪಕ್ಕಕ್ಕೆ ಜಾರಿತು. ಕೋವಿ ಬೀಳುತ್ತದೆ ಎಂದು, ಬೆರಳು ಇನ್ನೂ ಕುದುರೆಯ ಮೇಲಿದ್ದ ಬಲಗೈ ತಾನೇ ಬಿಗಿಯಿತು.

ತೋಳಿಗೆ ಒದೆತ ಬಿತ್ತು. ಅಷ್ಟೇ. ಸದ್ದಿಲ್ಲ. ನಳಿಗೆಯ ಬಾಯಲ್ಲಿ ಒಂದೆಳೆ ಹೊಗೆ ಎದ್ದಿತು. ಖಾಲಿ ತೋಟಾ ಒಂದು ಹಾರಿ ಪುಟ್ಟೀರಮ್ಮನ ಒರಳುಕಲ್ಲಿಗೆ ತಾಗಿ ಟಿಣ್ ಎಂದು ಕೆಳಗೆ ಬಿತ್ತು. ಆ ಟಿಣ್ ಎಂಬುದು ಎಲ್ಲರಿಗೂ ಚೆನ್ನಾಗಿ ಕೇಳಿಸಿತು.

"ತೀರ್ತು!" ಎಂದು ಪುಟ್ಟೀರಮ್ಮ ಕಣ್ಣು ತೆರೆದಳು. "ಸದ್ದಿಗೆ ಸದ್ದು, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ!" ಗೋಡೆಯಾಚೆ ಜನ ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡರು. ಭದ್ರಮ್ಮನೂ ನನ್ನ ಕಡೆ ನೋಡಿ ನಗುತ್ತಿದ್ದಳು. ನಗುತ್ತಲೇ ಚೌಕಟ್ಟಿಗೆ ಬೆನ್ನು ಕೊಟ್ಟು ಮೆಲ್ಲಗೆ ಜಾರಿ ಹೊಸಿಲ ಮೇಲೆ ಕೂತಳು, ಮೊರ ಹಿಡಿದು ಅಕ್ಕಿ ಆರಿಸಲು ಕೂರುವ ಹಾಗೆ. ಕುಪ್ಪಸದ ಕೆಳಗೆ ಕೈ ಒತ್ತಿಕೊಂಡು, ಆ ಕೈಯನ್ನು ತಾನೇ ತೆಗೆದು ನೋಡಿಕೊಂಡಳು. ಕೈ ಕೆಂಪಾಗಿತ್ತು.

ನಾನು ಕೋವಿ ಬಿಸಾಕಿ ಓಡಿದೆ. ಅರಚಿದೆ. ಹೊಟ್ಟೆಯ ತಳದಿಂದ, ಗಂಟಲು ಹರಿಯುವ ಹಾಗೆ ಅರಚಿದೆ. ಏನೂ ಕೇಳಿಸಲಿಲ್ಲ. ಬಾಯಿ ತೆರೆದಿತ್ತು, ಕತ್ತಿನ ನರ ಉಬ್ಬಿತ್ತು, ಗಾಳಿ ಹೊರಗೆ ಹೋಗುತ್ತಿತ್ತು, ಸದ್ದು ಮಾತ್ರ ಇಲ್ಲ. ಈರಣ್ಣ ಎರಡೂ ಕೈಯಲ್ಲಿ ತಲೆ ಚಚ್ಚಿಕೊಳ್ಳುತ್ತ ಬಾಯಿ ತೆರೆದಿದ್ದ. ಗೋಡೆಯಾಚೆ ಸಾಲಾಗಿ ಹೆಂಗಸರು ಗಂಡಸರು ಎಲ್ಲ ಬಾಯಿ ತೆರೆದಿದ್ದರು. ನೀರಿನಿಂದ ತೆಗೆದ ಮೀನುಗಳ ಹಾಗೆ. ಇಡೀ ಊರು ಕೂಗುತ್ತಿತ್ತು, ಹಿತ್ತಿಲಲ್ಲಿ ನೊಣ ಹಾರಿದ್ದು ಕೇಳಿಸುವಷ್ಟು ಮೌನವಾಗಿತ್ತು. ಅವಳ ಕೈಬಳೆಗಳು ಹೊಸಿಲಿಗೆ ತಾಗಿ ಕಿಣಿಕಿಣಿ ಎಂದವು.

ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಗಾಯಕ್ಕೆ ನನ್ನ ಟವಲು ಒತ್ತಿ ಹಿಡಿದೆ. ಈರಣ್ಣ ಗಾಡಿ ಕಟ್ಟಲು ಓಡಿದ. ಗಾಡಿ ಬರುವುದರೊಳಗೆ ಏನಾಗುತ್ತದೆಂದು ಟವಲು ಆಗಲೇ ಹೇಳುತ್ತಿತ್ತು.

"ಏನಾಯ್ತು ಇವ್ರೇ?" ಎಂದಳು. ಅದೇ ಹಳೆಯ ಸಣ್ಣ ದನಿ, ಅಂಗಳ ದಾಟದ್ದು. "ತೀರ್ತು ಅಂದ್ರಲ್ಲ. ಮತ್ತೆ ಈಡಿನ ಸದ್ದೇ ಬರಲಿಲ್ವಲ್ಲ."

"ಬರಲಿಲ್ಲ" ಎಂದೆ. ಸಣ್ಣ ದನಿಗೆ ಅಡ್ಡಿ ಇರಲಿಲ್ಲ.

"ಸರಿಯಾಗಿ ಕೂಗಿದ್ನಾ?"

"ಬಲು ಚೆನ್ನಾಗಿ ಕೂಗಿದೆ."

ಆಗ ಗುಡ್ಡ ಶುರುಮಾಡಿತು. ಮೊದಲು ನನಗೂ ಅದು ಯಾರ ದನಿಯೆಂದು ತಿಳಿಯಲಿಲ್ಲ. ಹೋರಿಯನ್ನು ಕೆಡವಿಕೊಂಡು ಬರೆ ಎಳೆಯುವಾಗ ಅದು ಅರಚುವ ಹಾಗೆ ಬಂಡೆಯಿಂದ ಬಂಡೆಗೆ ಬಡಿಯುತ್ತ ಬಂತು. ಉಸಿರು ಕಟ್ಟಿ ನಿಂತಿತು, ಮತ್ತೆ ಎದ್ದಿತು. ಗೋಡೆಯಾಚೆಯ ಜನ ತೆರೆದ ಬಾಯಿ ಮುಚ್ಚಿ ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ಪುಟ್ಟೀರಮ್ಮ ಒರಳುಕಲ್ಲಿನ ಪಕ್ಕದಲ್ಲಿ ನೆಲಕ್ಕೆ ಕುಸಿದು ಕೂತಿದ್ದಳು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ, ಅಭ್ಯಾಸ ಬಿಡದೆ ಕಿವಿ ಮಾತ್ರ ಗುಡ್ಡದ ಕಡೆ ವಾಲಿತ್ತು.

ಭದ್ರಮ್ಮನೂ ಕೇಳಿಸಿಕೊಳ್ಳುತ್ತಿದ್ದಳು. ಹುಬ್ಬು ಗಂಟಿಕ್ಕಿತು. ಬೇರೆಯವರ ಸಂಕಟ ಕೇಳಿದರೆ ಅವಳ ಹುಬ್ಬು ಯಾವಾಗಲೂ ಹಾಗೆಯೇ ಗಂಟಿಕ್ಕುತ್ತಿತ್ತು.

"ಅಯ್ಯೋ ಪಾಪ" ಎಂದಳು. "ಯಾರದು, ನಾಳೆ ಹಂಗೆ ಅಳೋದು?"

"ಯಾರೋ" ಎಂದೆ. "ನೀನು ಸುಮ್ನೆ ಮಲಕ್ಕೋ."